ಬೇ ಏರಿಯಾದ ಮರದ ಮನೆಗಳು: ಭೂಕಂಪದ ಲೆಕ್ಕದಲ್ಲಿ ಯಾವುದು ವಾಸಿ?

ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಿನ ಬೇ ಏರಿಯಾದಲ್ಲಿ, ಸ್ಯಾನ್ ಹೊಸೆ, ಫ್ರೀಮಾಂಟ್, ಸನಿವೇಲ್ ಕಡೆ ಮನೆ ಹುಡುಕುವ ನಮ್ಮವರ ಪ್ರಶ್ನೆ ಹೆಚ್ಚು ಕಡಿಮೆ ಒಂದೇ ತರಹ ಇರುತ್ತದೆ. "1930ರ ಸುಮಾರಿನ ಹಳೇ ಮನೆ ಸಿಕ್ಕಿದೆ, ಜಾಗ ಚೆನ್ನಾಗಿದೆ. ಅದೇ ದುಡ್ಡಿಗೆ ಸ್ವಲ್ಪ ದೂರದಲ್ಲಿ ಹೊಸ ಟೌನ್‌ಹೌಸ್ ಬರುತ್ತೆ. ಇಲ್ಲಾಂದ್ರೆ ಸುಮ್ನೆ ಬಾಡಿಗೆ ಅಪಾರ್ಟ್‌ಮೆಂಟಲ್ಲೇ ಇದ್ದುಬಿಡೋಣವಾ? ಭೂಕಂಪ ಬಂದ್ರೆ ಯಾವುದು ವಾಸಿ?" ಇದರ ಜತೆಗೆ ಊರಿಂದ ಬಂದ ಅಪ್ಪ ಗೋಡೆ ತಟ್ಟಿ ನೋಡಿ, "ಟೊಳ್ಳು ಸದ್ದು ಬರುತ್ತಲ್ಲೋ, ರಟ್ಟಿನ ಮನೆಗೆ ಇಷ್ಟೊಂದು ದುಡ್ಡಾ?" ಅಂದಿರುತ್ತಾರೆ.

ಅಪ್ಪನಿಗೆ ಮೊದಲು ಉತ್ತರ ಹೇಳಿಬಿಡೋಣ. ನೆಲ ಅಲುಗಿದಾಗ ಮನೆಯನ್ನು ಜಗ್ಗುವ ಬಲ ಮನೆಯ ತೂಕ ಹೆಚ್ಚಿದಷ್ಟೂ ಹೆಚ್ಚುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪ ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ಇನ್ನೂ ನೆನಪಿದೆ. ತೀವ್ರತೆ 6.2. ಜಗತ್ತಿನ ಲೆಕ್ಕದಲ್ಲಿ ಅಂಥ ಭಾರಿ ಭೂಕಂಪವೇನಲ್ಲ. ಆದರೂ ಹತ್ತು ಸಾವಿರದ ಆಸುಪಾಸು ಜನ ಸತ್ತರು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅಷ್ಟೂ ಭಾರ ಮಲಗಿದ್ದವರ ಮೇಲೆ ಬಂತು. ಮರದ ಚೌಕಟ್ಟಿನ ಮನೆ ಹಗುರ. ಅದರ ಕೀಲುಗಳಲ್ಲಿ ಸಾವಿರಾರು ಮೊಳೆ ಇರುತ್ತವೆ. ಮನೆ ಓಲಾಡಿದಾಗ ಪ್ರತಿ ಮೊಳೆಯೂ ಒಂಚೂರು ಬಾಗಿ ಹೊಡೆತದಲ್ಲಿ ತನ್ನ ಪಾಲು ನುಂಗಿಕೊಳ್ಳುತ್ತದೆ. ಗೋಡೆ ಬಿರುಕು ಬಿಡುತ್ತದೆ, ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ, ಆದರೆ ಮನೆ ಒಮ್ಮೆಗೇ ಕುಸಿಯುವುದು ಅಪರೂಪ. 2009ರ ಜುಲೈಯಲ್ಲಿ ಜಪಾನಿನ ಮಿಕಿ ಊರಿನ ದೊಡ್ಡ ಕಂಪನ ಮೇಜಿನ ಮೇಲೆ ಆರು ಅಂತಸ್ತಿನ ಪೂರಾ ಮರದ ಕಟ್ಟಡ ಕಟ್ಟಿ, 2500 ವರ್ಷಕ್ಕೊಮ್ಮೆ ಬರಬಹುದಾದಷ್ಟು ದೊಡ್ಡ ಭೂಕಂಪದ ಲೆಕ್ಕಕ್ಕೆ ಅಲುಗಿಸಿದರು. ಗೋಡೆಯ ಜಿಪ್ಸಮ್ ಹಲಗೆ ಅಲ್ಲಲ್ಲಿ ಬಿರಿಯಿತು. ಕಟ್ಟಡ ನಿಂತೇ ಇತ್ತು.

ಹಾಗಂತ ಮರದ್ದು ಅಂದ ಮಾತ್ರಕ್ಕೆ ನೆಮ್ಮದಿಯಾಗಿ ಮಲಗಬೇಡಿ. 1995ರ ಜನವರಿ 17ರಂದು ಜಪಾನಿನ ಕೋಬೆಯ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಜನ ಸತ್ತದ್ದು ಹಳೇ ಮರದ ಮನೆಗಳ ಅಡಿಯಲ್ಲೇ. ಆ ಮನೆಗಳ ಚಾವಣಿ ಮಣ್ಣಿನಲ್ಲಿ ಕೂರಿಸಿದ ಭಾರದ ಹೆಂಚಿನದು. ಕೆಳಗೆ ಆ ಭಾರವನ್ನು ಅಡ್ಡಡ್ಡ ಹಿಡಿಯುವಷ್ಟು ಗೋಡೆ ಇರಲಿಲ್ಲ, ಎಷ್ಟೋ ಕಡೆ ಕಂಬದ ಬುಡ ಗೆದ್ದಲು ತಿಂದಿತ್ತು. ಜಪಾನ್ 1981ರಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಕಟ್ಟಿದ ಮನೆಗಳು ಅದೇ ಬೀದಿಗಳಲ್ಲಿ ಎಷ್ಟೋ ಚೆನ್ನಾಗಿ ನಿಂತವು. ಅಂದರೆ ಮರವೋ ಕಾಂಕ್ರೀಟೋ ಅನ್ನುವುದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಯಾವ ಕಾಲದ ಮನೆ, ಅದರ ಬುಡದಲ್ಲಿ ಏನಿದೆ? ಕ್ಯಾಲಿಫೋರ್ನಿಯಾದಲ್ಲಿ ಮರದ ಮನೆ ಸೋಲುವುದು ಬಹುತೇಕ ಬುಡದಲ್ಲೇ.

ಯಾವುದರ ಮೇಲೆ ತೂಗಬೇಕು

ಮೊದಲನೆಯದು ಜೀವ. ಇದರಲ್ಲಿ ರಾಜಿಯಿಲ್ಲ.

ಎರಡನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ಮರುದಿನ ಅದೇ ಮನೆಯಲ್ಲಿ ಇರಬಹುದಾ? ಕಟ್ಟಡದ ನಿಯಮಗಳು ಒಳಗಿದ್ದವರು ಜೀವಂತ ಹೊರಗೆ ಬರಲಿ ಅಂತ ಬರೆದವು. ಆಮೇಲೆ ಮನೆ ವಾಸಕ್ಕೆ ಬರಬೇಕು ಅನ್ನುವ ಹೊಣೆ ಅವು ಹೊರುವುದಿಲ್ಲ. ಹೊಸ ಮನೆ ಕೊಂಡವರೂ ಇದನ್ನು ನೆನಪಿಡಬೇಕು. ಇಲ್ಲಿ ಅಣ್ಣನ ಮನೆ, ಚಿಕ್ಕಪ್ಪನ ಮನೆ ಅಂತ ಹೋಗಿ ಮೂರು ತಿಂಗಳು ಉಳಿಯುವ ಅನುಕೂಲ ನಮ್ಮಲ್ಲಿ ಎಷ್ಟು ಜನಕ್ಕಿದೆ, ಹೇಳಿ?

ಮೂರನೆಯದು ದುಡ್ಡು. ಮನೆಯ ಬೆಲೆ ಒಂದೇ ಅಲ್ಲ, ಗಟ್ಟಿ ಮಾಡಿಸುವ ಖರ್ಚು ಮತ್ತು ವಿಮೆ ಕೂಡ. ನಾಲ್ಕನೆಯದು ನೆಲ. ಇದನ್ನು ನೀವು ದುಡ್ಡು ಕೊಟ್ಟು ಬದಲಿಸಲಾಗದು, ಹಾಗಾಗಿ ಇದನ್ನೇ ಮೊದಲು ನೋಡಿ.

ಕ್ಯಾಲಿಫೋರ್ನಿಯಾ ರಾಜ್ಯದ ಭೂವಿಜ್ಞಾನ ಇಲಾಖೆಯ ನಕ್ಷೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ವಿಳಾಸ ಹಾಕಿದರೆ ಆ ಜಾಗ ಸ್ತರಭಂಗದ (ನೆಲದ ಬಂಡೆ ಸೀಳಿ ಜಾರುವ ಗೆರೆ, ಇಂಗ್ಲಿಷಿನಲ್ಲಿ ಫಾಲ್ಟ್) ಪಟ್ಟಿಯಲ್ಲಿದೆಯೋ, ಭೂಕುಸಿತದ ಪಟ್ಟಿಯಲ್ಲಿದೆಯೋ, ಅಲುಗಿದಾಗ ನೀರು ತುಂಬಿದ ಮಣ್ಣು ಕೆಸರಿನಂತಾಗುವ ಪಟ್ಟಿಯಲ್ಲಿದೆಯೋ ತೋರಿಸುತ್ತದೆ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೇಟಾ ಭೂಕಂಪದ ಕೇಂದ್ರ ಸಾಂಟಾ ಕ್ರೂಜ್ ಬೆಟ್ಟದಲ್ಲಿತ್ತು. ಆದರೂ ನೂರು ಕಿಲೋಮೀಟರ್‌ನಷ್ಟು ದೂರದ ಸ್ಯಾನ್‌ಫ್ರಾನ್ಸಿಸ್ಕೋದ ಮರೀನಾ ಬಡಾವಣೆಯಲ್ಲಿ ಮರದ ಅಪಾರ್ಟ್‌ಮೆಂಟುಗಳು ಕುಸಿದವು. ಅದು ಕೊಲ್ಲಿಗೆ ಮಣ್ಣು ತುಂಬಿ ಮಾಡಿದ ಜಾಗ. ಕೊಲ್ಲಿಯಂಚಿನ ಫಾಸ್ಟರ್ ಸಿಟಿಯೂ ತುಂಬಿಸಿದ ನೆಲವೇ. ಫ್ರೀಮಾಂಟ್, ಹೇವರ್ಡ್ ಊರುಗಳ ಒಳಗೇ ಹೇವರ್ಡ್ ಸ್ತರಭಂಗ ಹಾದುಹೋಗುತ್ತದೆ. 1868ರಲ್ಲಿ ಅದು ದೊಡ್ಡದಾಗಿ ಅಲುಗಿತ್ತು. 2014ರಿಂದ 2043ರ ಒಳಗೆ ಬೇ ಏರಿಯಾದಲ್ಲಿ 6.7 ಅಥವಾ ಅದಕ್ಕಿಂತ ದೊಡ್ಡ ಭೂಕಂಪ ಆಗುವ ಸಂಭವ ಶೇ. 72 ಅಂತ ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ ಅಂದಾಜು ಮಾಡಿದೆ.

ಪಟ್ಟಿಯಲ್ಲಿದೆ ಅಂದ ಕೂಡಲೇ ಓಡಿಹೋಗಬೇಕಿಲ್ಲ. ಸಾಂಟಾ ಕ್ಲಾರಾ ಕಣಿವೆಯ ಎಷ್ಟೋ ಭಾಗ ಮೆತ್ತನೆ ಮಣ್ಣಿನ ಪಟ್ಟಿಯಲ್ಲೇ ಬರುತ್ತದೆ. ನನ್ನ ಲೆಕ್ಕ ಇಷ್ಟೇ: ಸ್ತರಭಂಗದ ಗೆರೆಯ ಮೇಲೇ ಕೂತ ಮನೆಯಾದರೆ ಬಿಟ್ಟುಬಿಡಿ. ಮೆತ್ತನೆ ಮಣ್ಣಾದರೆ ಅದನ್ನು ಬೆಲೆಯಲ್ಲೂ ವಿಮೆಯಲ್ಲೂ ಲೆಕ್ಕಕ್ಕೆ ಹಿಡಿಯಿರಿ.

ಹಳೇ ಮನೆ, ಕೆಳಗೆ ನುಸುಳುವ ಜಾಗ ಇರುವಂಥದ್ದು

1940ಕ್ಕಿಂತ ಹಿಂದಿನ ಮನೆಗಳಲ್ಲಿ ಇದೇ ಜಾಸ್ತಿ, 1970ರ ದಶಕದವರೆಗಿನ ಎಷ್ಟೋ ಮನೆಗಳಲ್ಲೂ ಇದೆ. ಮುಂಬಾಗಿಲಿಗೆ ಮೂರು ನಾಲ್ಕು ಮೆಟ್ಟಿಲು ಹತ್ತಬೇಕು ಅಂದರೆ ಅನುಮಾನಪಡಿ. ಕೆಳಗೆ ಕಾಂಕ್ರೀಟ್ ಪಾಯ, ಅದರ ಮೇಲೆ ಒಂದೆರಡು ಅಡಿಯಿಂದ ನಾಲ್ಕಡಿ ಎತ್ತರದ ಗಿಡ್ಡ ಮರದ ಗೋಡೆ, ಅದರ ಮೇಲೆ ಇಡೀ ಮನೆ. ಅಡ್ಡ ಅಲುಗಿದಾಗ ಆ ಗಿಡ್ಡ ಗೋಡೆ ಮಡಚಿಕೊಳ್ಳುತ್ತದೆ, ಇಲ್ಲವೇ ಮನೆಯೇ ಪಾಯದಿಂದ ಜಾರುತ್ತದೆ. 2014ರ ಆಗಸ್ಟ್ 24ರಂದು ನಾಪಾದಲ್ಲಿ 6.0 ತೀವ್ರತೆಯ ಭೂಕಂಪದಲ್ಲೇ ಕೆಲವು ಮನೆಗಳಿಗೆ ಹೀಗಾಯಿತು. ಒಳಗಿದ್ದವರು ಸಾಮಾನ್ಯವಾಗಿ ಬದುಕುತ್ತಾರೆ. ಆದರೆ ಗ್ಯಾಸ್ ಪೈಪು, ನೀರಿನ ಪೈಪು ಕಿತ್ತುಬರುತ್ತವೆ. ಮನೆಯನ್ನು ಜಾಕ್ ಹಾಕಿ ಎತ್ತಿ ಮತ್ತೆ ಕೂರಿಸಬೇಕು. ಆ ಖರ್ಚು ಕೇಳಿದರೆ ತಲೆ ತಿರುಗುತ್ತದೆ.

ಇದನ್ನು ನೀವೇ ನೋಡಬಹುದು. ಹಳೇ ಬಟ್ಟೆ ಹಾಕಿ, ಟಾರ್ಚ್ ಹಿಡಿದು, ಕೆಳಗಿನ ಪುಟ್ಟ ಬಾಗಿಲಿಂದ ಒಳಗೆ ನುಸುಳಿ. ಜೇಡರಬಲೆ ಸರಿಸಿಕೊಂಡು ಪಾಯದ ಅಂಚಿಗೆ ಬೆಳಕು ಬಿಡಿ. ಕಾಂಕ್ರೀಟಿನ ಮೇಲೆ ಮಲಗಿಸಿದ ಮರದ ಪಟ್ಟಿ ಕಾಣುತ್ತದೆ. ಅದರ ಮೇಲೆ ನಾಲ್ಕರಿಂದ ಆರಡಿಗೊಂದು ಬೋಲ್ಟಿನ ತಲೆ, ಅಡಿಯಲ್ಲಿ ಚೌಕಾಕಾರದ ಕಬ್ಬಿಣದ ವಾಷರ್ ಇರಬೇಕು. ಇಲ್ಲದಿದ್ದರೆ ಮನೆ ಪಾಯದ ಮೇಲೆ ಸುಮ್ನೆ ಕೂತಿದೆ ಅಂತಲೇ ಅರ್ಥ. ಆಮೇಲೆ ಗಿಡ್ಡ ಗೋಡೆಯ ಒಳಮೈ ನೋಡಿ. ಬರೀ ಕಂಬಗಳು, ಅವುಗಳ ಸಂದಿಯಲ್ಲಿ ಹೊರಗಿನ ಹಲಗೆಯ ಬೆನ್ನು ಕಂಡರೆ ಬಿಗಿ ಕೆಲಸ ಆಗಿಲ್ಲ. ಒತ್ತೊತ್ತಾಗಿ ಮೊಳೆ ಹೊಡೆದ ಪ್ಲೈವುಡ್ ಕಂಡರೆ ಆಗಿದೆ. ಸ್ಕ್ರೂಡ್ರೈವರಿನ ಮೊನೆಯಿಂದ ಮರದ ಪಟ್ಟಿಯನ್ನು ಅಲ್ಲಲ್ಲಿ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಅಲ್ಲಿ ಗೆದ್ದಲೋ ಕೊಳೆತವೋ ಇದೆ.

ಗಟ್ಟಿ ಮಾಡಿಸುವುದು ಕಷ್ಟದ ಕೆಲಸವಲ್ಲ: ಬೋಲ್ಟ್ ಹಾಕುವುದು, ಗಿಡ್ಡ ಗೋಡೆಗೆ ಪ್ಲೈವುಡ್ ಹೊಡೆಯುವುದು. ಕೆಲವೇ ದಿನಗಳಲ್ಲಿ ಮುಗಿಯುತ್ತದೆ, ಮನೆ ಖಾಲಿ ಮಾಡಬೇಕಿಲ್ಲ. ಸಾಮಾನ್ಯವಾಗಿ 3,000ದಿಂದ 7,000 ಡಾಲರ್ ಅನ್ನುತ್ತಾರೆ, ನಮ್ಮ ಕಡೆ ಕೂಲಿ ಜಾಸ್ತಿ, ಅದಕ್ಕಿಂತ ಮೇಲೂ ಹೋಗಬಹುದು. ರಾಜ್ಯದ 'ಅರ್ತ್‌ಕ್ವೇಕ್ ಬ್ರೇಸ್ ಪ್ಲಸ್ ಬೋಲ್ಟ್' ಯೋಜನೆಯಲ್ಲಿ 1980ಕ್ಕಿಂತ ಹಿಂದಿನ ಅರ್ಹ ಮನೆಗಳಿಗೆ 3,000 ಡಾಲರ್‌ವರೆಗೆ ನೆರವು ಸಿಗುತ್ತದೆ. ಅರ್ಜಿ ಹಾಕಲು ಪಿನ್‌ಕೋಡ್‌ಗಳ ಪಟ್ಟಿ ಮತ್ತು ಗಡುವು ಇರುತ್ತದೆ, ನೋಡಿಕೊಂಡಿರಬೇಕು. ಲಕ್ಷಾಂತರ ಡಾಲರ್ ಸಾಲ ಮಾಡಿದ ಮನೆಗೆ ಇಷ್ಟು ಸುರಿಯಲು ಹಿಂದೆಮುಂದೆ ನೋಡುತ್ತಾ, ಅಡುಗೆಮನೆಯ ಕೌಂಟರಿಗೆ ಇದರ ದುಪ್ಪಟ್ಟು ಸುರಿಯುವವರನ್ನು ಕಂಡರೆ ನನಗೆ ಆಶ್ಚರ್ಯ. ಒಂದು ಎಚ್ಚರಿಕೆ: ಪಾಯವೇ ಇಟ್ಟಿಗೆಯದ್ದಾಗಿದ್ದರೆ, ಅಥವಾ ಕಾಂಕ್ರೀಟ್ ಉಗುರಿಗೇ ಪುಡಿಯಾಗುತ್ತಿದ್ದರೆ ಲೆಕ್ಕವೇ ಬೇರೆ. ಪಾಯ ಬದಲಿಸಬೇಕಾಗುತ್ತದೆ, ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಅಂಥ ಮನೆಗೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಡಿ.

ಒಂದೇ ಅಂತಸ್ತಿನ ರಾಂಚ್ ಮನೆ, ನೆಲಕ್ಕೇ ಕಾಂಕ್ರೀಟ್

1950ರಿಂದ 70ರ ದಶಕದವರೆಗೆ ಸಾಲುಸಾಲಾಗಿ ಕಟ್ಟಿದ ಮನೆಗಳಲ್ಲಿ ಎಷ್ಟೋ ಹೀಗಿವೆ. ಕಾಂಕ್ರೀಟ್ ಹಾಸಿನ ಮೇಲೆ ನೇರವಾಗಿ ಗೋಡೆ. ಮಡಚಿಕೊಳ್ಳುವ ಗಿಡ್ಡ ಗೋಡೆ ಇಲ್ಲ, ಮೇಲೆ ಇನ್ನೊಂದು ಅಂತಸ್ತಿನ ಭಾರ ಇಲ್ಲ. ಕಡಿಮೆ ಬಜೆಟ್ಟಿಗೆ ಜೀವದ ದೃಷ್ಟಿಯಿಂದ ಇದು ಒಳ್ಳೇ ಆಯ್ಕೆ. ಬೋಲ್ಟ್ ಇದೆಯಾ ಅಂತ ನೋಡಬೇಕಿದ್ದರೆ ಗ್ಯಾರೇಜಿಗೆ ಹೋಗಿ, ಅಲ್ಲಿ ಗೋಡೆಯ ಒಳಮೈ ಮುಚ್ಚದೆ ಬಿಟ್ಟಿರುತ್ತಾರೆ.

ಇಂಥ ಮನೆಯಲ್ಲಿ ನನಗೆ ತಲೆನೋವಿನ ವಸ್ತು ಇಟ್ಟಿಗೆ ಚಿಮಣಿ. ನಾಪಾದಲ್ಲಿ ಸಾಲುಸಾಲು ಚಿಮಣಿ ಮುರಿದು ಬಿದ್ದವು. ಅದು ಚಾವಣಿ ತೂರಿ ಒಳಗೂ ಬೀಳಬಹುದು. ಚಾವಣಿಗಿಂತ ಮೇಲಿನ ಭಾಗ ತೆಗೆಸಿ; ಒಲೆ ಉರಿಸುವವರು ಅದರ ಜಾಗಕ್ಕೆ ಹಗುರವಾದ ಲೋಹದ ಕೊಳವೆ ಹಾಕಿಸಿ. ಅಲ್ಲಿಯವರೆಗೆ ಮಕ್ಕಳ ಮಂಚ ಅದರ ಹತ್ತಿರ ಬೇಡ. ಪಾಲೊ ಆಲ್ಟೊ, ಸನಿವೇಲ್‌ನಲ್ಲಿ ಜೋಸೆಫ್ ಐಕ್ಲರ್ ಅನ್ನುವ ಬಿಲ್ಡರ್ ಕಟ್ಟಿಸಿದ ಐಕ್ಲರ್ ಮನೆಗಳನ್ನು ಇಷ್ಟಪಡುವವರಿಗೆ ಇನ್ನೊಂದು ಮಾತು. ಅಲ್ಲಿ ಗಾಜು ಜಾಸ್ತಿ, ಗಟ್ಟಿ ಗೋಡೆ ಕಡಿಮೆ. ಕೊಳ್ಳುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಹೋಮ್ ಇನ್ಸ್‌ಪೆಕ್ಟರ್ ವರದಿಯೊಂದನ್ನೇ ನಂಬಬೇಡಿ.

ಕೆಳಗೆ ಪಾರ್ಕಿಂಗ್, ಮೇಲೆ ಮನೆ: ಹಳೇ ಅಪಾರ್ಟ್‌ಮೆಂಟ್

1960, 70ರ ದಶಕದ ಎರಡು ಮೂರು ಅಂತಸ್ತಿನ ಬಾಡಿಗೆ ಕಟ್ಟಡಗಳು ಎಲ್ಲ ಊರಲ್ಲೂ ಇವೆ. ಕೆಳಗೆ ಕಾರುಗಳಿಗೆ ಜಾಗ, ತೆಳ್ಳನೆ ಕಂಬಗಳು, ಮೇಲೆ ಮನೆಗಳು. ಮೇಲಿನ ಅಂತಸ್ತುಗಳಲ್ಲಿ ಕೋಣೆಗೊಂದು ಗೋಡೆ ಇರುವುದರಿಂದ ಅವು ಬಿಗಿಯಾಗಿರುತ್ತವೆ. ಕೆಳಗೆ ಗೋಡೆಯೇ ಇಲ್ಲ. ಅಲುಗಿದಾಗ ಎಲ್ಲ ಹೊಡೆತವೂ ಕೆಳಗಿನ ಅಂತಸ್ತಿಗೆ. 1994ರ ಜನವರಿ 17ರ ನಸುಕಿನ 4:31ಕ್ಕೆ ಲಾಸ್ ಏಂಜಲೀಸ್‌ನ ನಾರ್ತ್‌ರಿಜ್‌ನಲ್ಲಿ 6.7 ತೀವ್ರತೆಯ ಭೂಕಂಪ ಆದಾಗ ನಾರ್ತ್‌ರಿಜ್ ಮೆಡೋಸ್ ಅನ್ನುವ ಮೂರಂತಸ್ತಿನ ಮರದ ಅಪಾರ್ಟ್‌ಮೆಂಟ್ ಕುಸಿದು 16 ಜನ ಸತ್ತರು. ಅಷ್ಟೂ ಜನ ನೆಲ ಅಂತಸ್ತಿನವರು. ಮೇಲಿನವರು ಒಂದು ಅಂತಸ್ತು ಕೆಳಗಿಳಿದು ಹೊರಗೆ ಬಂದರು.

ಈ ದೋಷ ಮರಕ್ಕೆ ಮಾತ್ರ ಅಂಟಿದ್ದಲ್ಲ. 2001ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲಿ ಬಿದ್ದ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳಲ್ಲೂ ಬಹಳಷ್ಟಕ್ಕೆ ಕೆಳಗೆ ತೆರೆದ ಪಾರ್ಕಿಂಗ್ ಇತ್ತು. ಬೆಂಗಳೂರಿನ ಲೇಔಟುಗಳಲ್ಲಿ ಕಣ್ಣು ಹಾಯಿಸಿದರೆ ಎಲ್ಲೆಲ್ಲೂ ಅದೇ ನಮೂನೆ, ಅಲ್ವಾ?

ಸ್ಯಾನ್‌ಫ್ರಾನ್ಸಿಸ್ಕೋ 2013ರಲ್ಲಿ, ಲಾಸ್ ಏಂಜಲೀಸ್ 2015ರಲ್ಲಿ, ಓಕ್‌ಲ್ಯಾಂಡ್ 2019ರಲ್ಲಿ ಇಂಥ ಮರದ ಕಟ್ಟಡಗಳನ್ನು ಮಾಲೀಕರು ಗಟ್ಟಿ ಮಾಡಿಸಲೇಬೇಕು ಅಂತ ಕಾನೂನು ಮಾಡಿದವು. ಆದರೆ ಎಲ್ಲ ಊರಲ್ಲೂ ಒಂದೇ ನಿಯಮ ಇಲ್ಲ. ಬಾಡಿಗೆಗೆ ಹೋಗುವ ಮುಂಚೆ ಮ್ಯಾನೇಜರ್‌ನ ನೇರವಾಗಿ ಕೇಳಿ: ಸಾಫ್ಟ್ ಸ್ಟೋರಿ ರೆಟ್ರೋಫಿಟ್ (ಕೆಳಗಿನ ದುರ್ಬಲ ಅಂತಸ್ತು ಗಟ್ಟಿ ಮಾಡುವ ಕೆಲಸ) ಆಗಿದೆಯಾ, ಯಾವ ವರ್ಷ, ಪರ್ಮಿಟ್ ಇದೆಯಾ? ಉತ್ತರ ತಡವರಿಸಿದರೆ ನಗರಸಭೆಯ ಕಟ್ಟಡ ವಿಭಾಗದಲ್ಲಿ ವಿಚಾರಿಸಿ. ಪಾರ್ಕಿಂಗಿಗೆ ಇಳಿದು ನೋಡಿದರೂ ಗೊತ್ತಾಗುತ್ತದೆ. ಕಾರು ನುಗ್ಗುವ ಬಾಯಿಗೆ ದಪ್ಪನೆ ಉಕ್ಕಿನ ಚೌಕಟ್ಟು, ಬದಿಗೆ ಹೊಸ ಪ್ಲೈವುಡ್ ಗೋಡೆ ಕಂಡರೆ ಕೆಲಸ ಆಗಿದೆ. ಆಗಿಲ್ಲದ ಕಟ್ಟಡ ಎಷ್ಟೇ ಅಗ್ಗವಾದರೂ ನಾನು ಬೇಡ ಅನ್ನುತ್ತೇನೆ. ಬೇರೆ ದಾರಿಯೇ ಇಲ್ಲದೆ ಒಂದು ವರ್ಷಕ್ಕೆ ಅಂತ ಹೋಗುವವರು ಮೇಲಿನ ಅಂತಸ್ತು ಕೇಳಿ. ಅಪ್ಪ ಅಮ್ಮ ಬಂದಾಗ ಮೆಟ್ಟಿಲು ಕಷ್ಟ ಅಂತ ನೆಲ ಅಂತಸ್ತು ಹಿಡಿಯುತ್ತೇವೆ. ಈ ಒಂದು ನಮೂನೆ ಕಟ್ಟಡದಲ್ಲಿ ಆ ಅನುಕೂಲ ದುಬಾರಿ.

ಸ್ವಂತ ಮನೆಗಳಲ್ಲೂ ಇದರ ತಮ್ಮ ಇದ್ದಾನೆ: ಎರಡು ಕಾರಿನ ಗ್ಯಾರೇಜ್, ಅದರ ಮೇಲೆ ಮಲಗುವ ಕೋಣೆ. ಹಳೇ ಮನೆಯಾದರೆ ಗ್ಯಾರೇಜ್ ಬಾಗಿಲಿನ ಎರಡೂ ಬದಿಯ ಗೋಡೆ ಎಷ್ಟು ಅಗಲ ಇದೆ, ಗಟ್ಟಿ ಮಾಡಿಸಿದ್ದಾರಾ ಅಂತ ನೋಡಿ.

ಹೊಸ ಟೌನ್‌ಹೌಸ್

ಕೆಳಗೆ ಗ್ಯಾರೇಜ್, ಮೇಲೆರಡು ಅಂತಸ್ತು. ನೋಡಲು ಮೇಲೆ ಹೇಳಿದ ಅಪಾಯದ ನಮೂನೆಯೇ. ಆದರೆ ನಾರ್ತ್‌ರಿಜ್‌ನ ಪಾಠದ ನಂತರ, 1990ರ ದಶಕದ ಕೊನೆಯ ಹೊತ್ತಿಗೆ, ನಿಯಮಗಳು ಬಿಗಿಯಾದವು. ಈಗ ಗ್ಯಾರೇಜ್ ಬಾಗಿಲಿನ ಪಕ್ಕದ ಕಿರಿದಾದ ಗೋಡೆಗೆ ಎಂಜಿನಿಯರ್ ಲೆಕ್ಕ ಹಾಕಿ ಕಾರ್ಖಾನೆಯಲ್ಲಿ ಮಾಡಿದ ಗಟ್ಟಿ ಫಲಕ ಅಥವಾ ಉಕ್ಕಿನ ಚೌಕಟ್ಟು ಹಾಕುತ್ತಾರೆ. ಚಾವಣಿಯಿಂದ ಪಾಯದವರೆಗೆ ಕಬ್ಬಿಣದ ಪಟ್ಟಿ, ಸರಳುಗಳಿಂದ ಬಿಗಿದಿರುತ್ತದೆ. ಜೀವದ ಲೆಕ್ಕದಲ್ಲಿ ಇದಕ್ಕೆ ಒಳ್ಳೇ ಅಂಕ.

ತೊಡಕು ಇರುವುದು ಬೇರೆ ಕಡೆ. ಗೋಡೆ ಹಂಚಿಕೊಂಡ ಮನೆ ಅಂದರೆ ರಿಪೇರಿಯೂ ಹಂಚಿಕೊಂಡದ್ದೇ. ಅಲ್ಲಿನ ಮನೆ ಮಾಲೀಕರ ಸಂಘದ ಸಾಮೂಹಿಕ ವಿಮೆಯಲ್ಲಿ ಭೂಕಂಪ ಸೇರಿರದೇ ಇರಬಹುದು. ಆಗ ಪಾಯ, ಚಾವಣಿ ರಿಪೇರಿಗೆ ಎಲ್ಲ ಮನೆಯವರಿಂದಲೂ ದೊಡ್ಡ ವಂತಿಗೆ ಕೇಳುತ್ತಾರೆ. ನಿಮ್ಮ ಮನೆಗೆ ಏನೂ ಆಗಿಲ್ಲದಿದ್ದರೂ ಕೊಡಬೇಕು. ಸಹಿ ಹಾಕುವ ಮುಂಚೆ ಸಂಘದ ವಿಮೆ ಕಾಗದ ತರಿಸಿ ಓದಿ. ಇಂಥ ವಂತಿಗೆ ಭರಿಸುವ ವಿಮೆ ಪ್ರತ್ಯೇಕವಾಗಿ ಸಿಗುತ್ತದೆ. ಇನ್ನೊಂದು ವಿಷಯ: ಹೊಸ ಟೌನ್‌ಹೌಸುಗಳು ಬಂದಿರುವ ಜಾಗಗಳಲ್ಲಿ ಕೊಲ್ಲಿಯ ಕಡೆಯ ಮೆತ್ತನೆ ನೆಲವೂ ಇದೆ. ನಕ್ಷೆ ನೋಡದೆ ಹೊಸದು ಅಂದ ಮಾತ್ರಕ್ಕೆ ಕೊಳ್ಳಬೇಡಿ.

ಬೆಟ್ಟದ ಇಳಿಜಾರಿನಲ್ಲಿ ಉದ್ದ ಕಂಬಗಳ ಮೇಲೆ ನಿಂತ ಹಳೇ ಮನೆ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೋಟ ಚೆಂದ. ನಾರ್ತ್‌ರಿಜ್ ಭೂಕಂಪದಲ್ಲಿ ಶರ್ಮನ್ ಓಕ್ಸ್ ಬೆಟ್ಟದ ಮೇಲೆ ಇಂಥವು ಕಿತ್ತು ಉರುಳಿದ್ದವು. ಎಂಜಿನಿಯರ್ ವರದಿ ಇಲ್ಲದೆ ಮುಂಗಡ ಕೊಡಬೇಡಿ.

ವಿಮೆ ಬೇಕಾ?

ಮಾಮೂಲಿ ಗೃಹ ವಿಮೆ ಭೂಕಂಪದ ಹಾನಿ ಕೊಡುವುದಿಲ್ಲ. ಭೂಕಂಪದಿಂದ ಹತ್ತಿದ ಬೆಂಕಿಯ ಹಾನಿ ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ಅದರೊಳಗೇ ಬರುತ್ತದೆ. ನಾರ್ತ್‌ರಿಜ್ ನಷ್ಟ ಕಂಡು ಕಂಪನಿಗಳು ಹಿಂದೆ ಸರಿದಾಗ 1996ರಲ್ಲಿ ರಾಜ್ಯ 'ಕ್ಯಾಲಿಫೋರ್ನಿಯಾ ಅರ್ತ್‌ಕ್ವೇಕ್ ಅಥಾರಿಟಿ' ಶುರು ಮಾಡಿತು. ಇದರಲ್ಲಿ ಡಿಡಕ್ಟಿಬಲ್, ಅಂದರೆ ಮೊದಲು ನೀವೇ ಭರಿಸಬೇಕಾದ ಪಾಲು, ವಿಮೆ ಮೊತ್ತದ ಶೇ. 5ರಿಂದ 25ರವರೆಗೆ. ಲೆಕ್ಕ ಹಾಕಿ ನೋಡಿ. ಮನೆ ಮತ್ತೆ ಕಟ್ಟಲು 6 ಲಕ್ಷ ಡಾಲರ್ ಅಂತ ವಿಮೆ ಮಾಡಿಸಿ ಶೇ. 15 ಆರಿಸಿಕೊಂಡರೆ ಮೊದಲ 90,000 ಡಾಲರ್ ನಿಮ್ಮ ಕೈಯಿಂದ. 80,000ದ ಹಾನಿಯಾದರೆ ರಿಪೇರಿಗೆ ಅಲ್ಲಿಂದ ಏನೂ ಸಿಗುವುದಿಲ್ಲ.

ಹಾಗಾಗಿ ಇದು ಬಿರುಕು ಮುಚ್ಚುವ ವಿಮೆ ಅಲ್ಲ, ಮನೆಯೇ ಹೋದಾಗ ನೆರವಾಗುವ ವಿಮೆ. ಉಳಿತಾಯವೆಲ್ಲ ಆ ಮನೆಯಲ್ಲೇ ಹಾಕಿರುವ ದಂಪತಿಗೆ ಬೇಕೇ ಬೇಕು. ಊರಲ್ಲಿ ಆಸ್ತಿ, ಇಲ್ಲಿ ಷೇರು ಅಂತ ಬೇರೆ ಆಸರೆ ಇದ್ದವರು, ಮನೆಯ ಬುಡ ಗಟ್ಟಿ ಇದ್ದವರು, ಬಿಟ್ಟರೂ ನಡೆದೀತು. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ನಾನು ಮೊದಲು ಬೋಲ್ಟ್ ಹಾಕಿಸುತ್ತೇನೆ. ಗಟ್ಟಿ ಮಾಡಿಸಿದ ಹಳೇ ಮನೆಗೆ ಪ್ರೀಮಿಯಂನಲ್ಲಿ ರಿಯಾಯಿತಿಯೂ ಸಿಗುತ್ತದೆ. ಬಾಡಿಗೆಯವರಿಗೆ ಸಾಮಾನಿಗೂ ಬೇರೆ ಕಡೆ ಉಳಿಯುವ ಖರ್ಚಿಗೂ ಸೇರಿ ಅಗ್ಗದ ವಿಮೆ ಇದೆ. ಅದನ್ನು ಮಾಡಿಸಿ.

ನಾನಾಗಿದ್ದರೆ

ಚಿಕ್ಕ ಮಕ್ಕಳಿದ್ದು ಬಜೆಟ್ ಬಿಗಿಯಿದ್ದರೆ: ಕಾಂಕ್ರೀಟ್ ಹಾಸಿನ ಒಂದಂತಸ್ತಿನ ಮನೆ, ಚಿಮಣಿ ತೆಗೆಸಿ. ಜಾಗ, ಶಾಲೆ ನೋಡಿ ಹಳೇ ಮನೆಗೇ ಮನಸ್ಸಾಗಿದ್ದರೆ: ಕೊಳ್ಳಿ, ಆದರೆ ಬಣ್ಣ ಹೊಡೆಸುವ ಮುಂಚೆ ಬುಡದ ಕೆಲಸ ಮುಗಿಸಿ. ಮನೆ ರಿಪೇರಿ ಉಸಾಬರಿಯೇ ಬೇಡ ಅನ್ನುವವರಿಗೆ: ಗಟ್ಟಿ ನೆಲದ ಮೇಲಿನ ಟೌನ್‌ಹೌಸ್, ವಂತಿಗೆಯ ವಿಮೆ ಸಮೇತ. ಎರಡು ಮೂರು ವರ್ಷ ಇದ್ದು ಊರಿಗೆ ಮರಳುವವರಿಗೆ: ಗಟ್ಟಿ ಮಾಡಿಸಿದ ಅಪಾರ್ಟ್‌ಮೆಂಟ್, ಬಾಡಿಗೆದಾರರ ವಿಮೆ.

ಯಾವುದನ್ನೇ ಆರಿಸಿದರೂ ಒಳಗಿನ ಸಾಮಾನು ನಿಮ್ಮ ಹೊಣೆ. ಮರದ ಮನೆ ನಿಂತರೂ ಜನಕ್ಕೆ ಪೆಟ್ಟಾಗುವುದು ಬೀಳುವ ವಸ್ತುಗಳಿಂದ. ನಾಪಾದಲ್ಲಿ ಒಬ್ಬ ಮಹಿಳೆ ಟೀವಿ ತಲೆಗೆ ಬಡಿದು ಕೆಲವು ದಿನಗಳ ನಂತರ ತೀರಿಕೊಂಡರು. ನಮ್ಮ ಮನೆಗಳಲ್ಲಿ ಮಂಚದ ತಲೆಗೆ ನೇರ ಮೇಲೆ ದೇವರ ಶೆಲ್ಫ್, ಅದರಲ್ಲಿ ಹಿತ್ತಾಳೆಯ ದೀಪದ ಕಂಬ ಇಟ್ಟಿದ್ದನ್ನು ಕಂಡಿದ್ದೇನೆ. ಅದನ್ನು ಕೆಳಗಿನ ಅಲಮಾರಿಗೆ ಇಳಿಸಿ. ಕಲ್ಲಿನ ಗ್ರೈಂಡರ್ ಮೇಲಿನ ಶೆಲ್ಫಿನಲ್ಲಿ ಬೇಡ. ಪುಸ್ತಕದ ಕಪಾಟನ್ನು ಗೋಡೆಯೊಳಗಿನ ಕಂಬಕ್ಕೆ ಪಟ್ಟಿ ಹಾಕಿ ಬಿಗಿಯಿರಿ. ಬರೀ ಜಿಪ್ಸಮ್ ಹಲಗೆಗೆ ಹೊಡೆದ ಸ್ಕ್ರೂ ಕಿತ್ತುಬರುತ್ತದೆ. ನೀರು ಕಾಯಿಸುವ ಟ್ಯಾಂಕಿಗೆ ಎರಡು ಕಡೆ ಪಟ್ಟಿ ಇರಬೇಕು, ಇಲ್ಲಿ ಅದು ಕಾನೂನು.

ಅಲುಗಿದಾಗ ಬಾಗಿಲ ಕಡೆ ಓಡಬೇಡಿ. ಮೇಜಿನ ಅಡಿ ಸೇರಿ ಅದರ ಕಾಲು ಹಿಡಿದುಕೊಳ್ಳಿ. ಮಲಗಿದ್ದರೆ ಹಾಸಿಗೆಯಲ್ಲೇ ತಲೆಯ ಮೇಲೆ ದಿಂಬು. ಅಲುಗಾಟ ನಿಂತ ಮೇಲೆ ಚಪ್ಪಲಿ ಹಾಕಿಕೊಂಡೇ ನಡೆಯಿರಿ, ನೆಲದ ತುಂಬ ಗಾಜು ಇರುತ್ತದೆ. ಗ್ಯಾಸ್ ಮೀಟರಿನ ಪಕ್ಕ ಒಂದು ಸ್ಪ್ಯಾನರ್ ಕಟ್ಟಿಡಿ. ವಾಸನೆ ಬಂದರೆ ಅಥವಾ ಸೋರುವ ಸದ್ದು ಕೇಳಿದರೆ ಮಾತ್ರ ಮುಚ್ಚಿ. ಒಮ್ಮೆ ಮುಚ್ಚಿದ ಮೇಲೆ ನೀವೇ ತೆರೆಯುವಂತಿಲ್ಲ. ಗ್ಯಾಸ್ ಕಂಪನಿಯವರೇ ಬರಬೇಕು, ದೊಡ್ಡ ಭೂಕಂಪದ ನಂತರ ಅವರು ನಿಮ್ಮ ಬೀದಿಗೆ ಬರುವ ಹೊತ್ತಿಗೆ ವಾರಗಳೇ ಕಳೆದಿರಬಹುದು. ಅಲ್ಲಿಯವರೆಗೆ ಅನ್ನ ಬೇಯಿಸಲು ಕರೆಂಟಿನ ಕುಕ್ಕರ್ ಒಂದಿರಲಿ.